ಶಬ್ದಶಕ್ತಿಯ ಮೊದಲ ಪಾಠ



ಶಬ್ದವು ಶಕ್ತಿಯ ಒಂದು ರೂಪ. ಪ್ರಾಥಮಿಕ ಶಾಲೆಯ ಯಾವ ಮಗುವನ್ನು ಕೇಳಿದರೂ ಈ ವಾಕ್ಯವನ್ನು ತಡೆಯಿಲ್ಲದೆ ಒಪ್ಪಿಸುತ್ತದೆ. ಶಕ್ತಿಯೆಂದರೇನು ಎಂದರೆ, ಕೆಲಸಮಾಡುವ ಸಾಮರ್ಥ್ಯವೆಂದು ಅದಕ್ಕೂ ಉತ್ತರವುಂಟು. ಹಾಗಾದರೆ ಶಬ್ದವು ಮಾಡುವ ಕೆಲಸವಾವುದು ಎಂಬ ಮೂರನೆಯ ಪ್ರಶ್ನೆಯನ್ನು ಹಾಕಿದೊಡನೆಯೇ ತರಗತಿಯೆಲ್ಲವೂ ಮೌನವನ್ನು ತಾಳುತ್ತದೆ. ಈ ಮೌನಕ್ಕೆ ಮಕ್ಕಳು ಹೊಣೆಗಾರರಲ್ಲ. ಕಲಿಸುವವರಾದ ನಾವೇ ಹೊಣೆಗಾರರು.

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದರ ಅರಿವಾದುದು ವಿಜಯಪುರದ ಪಶ್ಚಿಮಕ್ಕಿರುವ ತಿಕೋಟಾದ ಕಡೆಯ ಒಂದು ಶಾಲೆಯಲ್ಲಿ. ಕಪ್ಪುಹಲಗೆಯ ಮೇಲೆ ತರಂಗಗಳನ್ನು ಬರೆದು, ಕಂಪನವೆಂದರೇನು, ಮಾಧ್ಯಮವೆಂದರೇನು ಎಂದು ಅರ್ಧ ಗಂಟೆ ವಿವರಿಸಿದೆವು. ಮಕ್ಕಳು ವಿನಯದಿಂದ ಆಕಳಿಸಿದರು. ಆಗ ಒಂದು ಗಡಿಗೆಯ ಬಾಯಿಗೆ ತೆಳುವಾದ ರಬ್ಬರನ್ನು ಬಿಗಿದು ಕಟ್ಟಿ, ಅದರ ಮೇಲೆ ನಾಲ್ಕು ಸಾಸಿವೆಕಾಳನ್ನು ಚೆಲ್ಲಿ, ಪಕ್ಕದಲ್ಲಿ ಒಂದು ತಗಡಿನ ತಟ್ಟೆಯನ್ನು ಹಿಡಿದು ಬಲವಾಗಿ ಬಡಿದೆವು. ಸಾಸಿವೆ ಕುಣಿಯಿತು. ಗಡಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಕಾಳನ್ನು ಎತ್ತಿದವರು ಯಾರೆಂದು ಕೇಳಲು, ಒಬ್ಬ ಹುಡುಗಿ ಎದ್ದು ನಿಂತು, "ಸಪ್ಪಳಾನ ಎತ್ತಿತ್ರೀ ಸರ್" ಎಂದಳು. ಅಲ್ಲಿಗೆ ಪಾಠವು ಮುಗಿದಂತೆಯೇ ಆಯಿತು. ಭಾರವನ್ನು ಮೇಲಕ್ಕೆತ್ತುವುದು ಕೆಲಸ, ಕೆಲಸಮಾಡಿದುದು ಶಕ್ತಿ. ನಮ್ಮ "ಶಬ್ದ" ಆ ಮಗುವಿಗೆ ಪುಸ್ತಕದ ಮಾತಾಗಿತ್ತು. "ಸಪ್ಪಳ" ಅವಳ ಮನೆಯ ಮಾತು. ದ್ರಾಕ್ಷಿಯ ತೋಟದಲ್ಲಿ ಡಬ್ಬಿ ಬಡಿದು ಹಕ್ಕಿಗಳನ್ನು ಓಡಿಸುವ ಮಕ್ಕಳಿಗೆ ಸಪ್ಪಳವು ದೂರ ಹೋಗಿ ಮುಟ್ಟುತ್ತದೆಂಬುದನ್ನು ನಾವು ಹೇಳಿಕೊಡಬೇಕಾಗಿಯೇ ಇರಲಿಲ್ಲ.

ಬಬಲೇಶ್ವರದ ಕಡೆಯ ಮತ್ತೊಂದು ಶಾಲೆಯಲ್ಲಿ ನಡೆದುದನ್ನು ಹೇಳಲು ನಮಗೆ ಸಂಕೋಚವಾಗುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಬಾಲಕನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದನು. ಎರಡು ಸಲ ಪ್ರಶ್ನೆ ಕೇಳಿದರೂ ಉತ್ತರವಿಲ್ಲ. ಉದಾಸೀನನೆಂದು ಬಗೆದು ನಾವು ಅವನನ್ನು ಗದರಿಸಿದೆವು. ಅನಂತರ ಊರಿನ ಹಲಗೆವಾದ್ಯವೊಂದನ್ನು ತರಿಸಿ, ಒಬ್ಬರು ಬಡಿಯುತ್ತಿರುವಾಗ ಉಳಿದವರು ಅದರ ಅಂಚಿನ ಚರ್ಮಕ್ಕೆ ಬೆರಳನ್ನು ಸೋಕಿಸಿ ನೋಡಬೇಕೆಂದು ಏರ್ಪಡಿಸಿದೆವು. ಸರದಿಯು ಆ ಬಾಲಕನಿಗೆ ಬಂದಿತು. ಅವನು ಕೈಯನ್ನು ತೆಗೆಯಲೇ ಇಲ್ಲ. ಮುಖವರಳಿತು; ಎಡಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಮುಂದೆ ವೈದ್ಯರಿಂದ ಪರೀಕ್ಷೆಮಾಡಿಸಲಾಗಿ, ಆ ಮಗುವಿಗೆ ಕಿವಿಯು ಬಹು ಮಂದವೆಂದು ತಿಳಿದುಬಂದಿತು. ಕಿವಿಗೆ ತಲಪದಿದ್ದ ಪಾಠ ಅವನ ಬೆರಳಿಗೆ ತಲಪಿತ್ತು. ಶಬ್ದವು ಮೊದಲು ಚಲನೆ, ಆಮೇಲೆ ಕೇಳಿಕೆ ಎಂಬುದನ್ನು ನಮಗೆ ಕಲಿಸಿದವನು ಅವನು.

ಇನ್ನು ಈ ಶಕ್ತಿಯ ಪರಿಮಾಣವೆಷ್ಟು? ಸಾಧಾರಣವಾಗಿ ಮಾತನಾಡುವ ಮನುಷ್ಯನ ಧ್ವನಿಯ ಸಾಮರ್ಥ್ಯವು ಒಂದು ವಾಟಿನ ಸುಮಾರು ಲಕ್ಷದಲ್ಲೊಂದು ಪಾಲು. ಒಂದು ಲಕ್ಷ ಜನರು ಏಕಕಾಲದಲ್ಲಿ ಮಾತನಾಡಿದರೆ ಒಂದು ವಾಟಾದೀತು! ಇಷ್ಟು ಅಲ್ಪವಾದುದನ್ನು ಗ್ರಹಿಸುವ ಕಿವಿಯ ಸೂಕ್ಷ್ಮತೆಯನ್ನು ಏನೆಂದು ಹೇಳೋಣ?

ಈ ಅಲ್ಪಶಕ್ತಿಯನ್ನು ಕಾಪಾಡಿದರೆ ಏನಾಗುವುದೆಂಬುದಕ್ಕೆ ವಿಜಯಪುರದ ಮಕ್ಕಳ ಕಣ್ಣೆದುರಿಗೇ ನಿದರ್ಶನವುಂಟು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಷಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸವು ಸುಮಾರು 38 ಮೀಟರು. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಯಲಿನಲ್ಲಾದರೆ ಆ ಮಾತು ಎಲ್ಲ ದಿಕ್ಕಿಗೂ ಚೆದುರಿ ಕ್ಷೀಣಿಸುತ್ತಿತ್ತು. ಇಲ್ಲಿ ಅದು ಬಾಗಿದ ಗೋಡೆಯನ್ನೇ ಅನುಸರಿಸಿ, ಸುಮಾರು 60 ಮೀಟರು ದಾರಿಯನ್ನು ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲದಲ್ಲಿ ಸವೆಸುತ್ತದೆ. ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿಯು ಮತ್ತೆ ಮತ್ತೆ ಮರಳಿ, ಶಕ್ತಿಯು ಗೋಡೆಗೂ ಗಾಳಿಗೂ ಅತ್ಯಲ್ಪವಾದ ಉಷ್ಣವಾಗಿ ಸಂದುಹೋಗಿ, ಕೊನೆಗೆ ಅಡಗುತ್ತದೆ. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಮಂದಿರದ ಇಂತಹದೇ ಮೊಗಸಾಲೆಯನ್ನು ಪರೀಕ್ಷಿಸಿದ ಸಿ. ವಿ. ರಾಮನ್ನರು ಗೋಳಗುಮ್ಮಟವನ್ನೂ ತಮ್ಮ ವಿಚಾರಕ್ಕೆ ತೆಗೆದುಕೊಂಡರು. ಗುಮ್ಮಟವು ಶಬ್ದವನ್ನು ಹುಟ್ಟಿಸುವುದಿಲ್ಲ, ಹೆಚ್ಚಿಸುವುದೂ ಇಲ್ಲ. ಚೆದುರದಂತೆ ಕಾಯುತ್ತದೆ, ಅಷ್ಟೆ.

ತಾವು ಈಗ ಕೇಳುತ್ತಿರುವ ನಮ್ಮ ಧ್ವನಿಯೂ ಇಲ್ಲಿ ವಿದ್ಯುತ್ತಾಗಿ, ಆಕಾಶದಲ್ಲಿ ತರಂಗವಾಗಿ, ತಮ್ಮ ಮನೆಯ ಯಂತ್ರದಲ್ಲಿ ಮರಳಿ ಕಂಪನವಾಗಿದೆ. ಮಕ್ಕಳಿದ್ದರೆ ಕರೆದು, ಆ ಯಂತ್ರದ ಮೇಲೆ ಅಂಗೈಯನ್ನು ಇಡಿಸಿರಿ. ವ್ಯಾಖ್ಯೆಯನ್ನು ಆಮೇಲೆ ಹೇಳಿಕೊಡಬಹುದು. ಹಿಂದಿನ ಸಾಲಿನ ಮಗು ಸುಮ್ಮನಿದ್ದರೆ ಗದರಿಸುವ ಮೊದಲು, ನಮ್ಮ ಮಾತು ಅದಕ್ಕೆ ಮುಟ್ಟಿತೆ ಎಂದು ವಿಚಾರಿಸಿರಿ. ಬಬಲೇಶ್ವರದ ಆ ಬಾಲಕನು ಈಗ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ.