ಕಲ್ಲಿನಲ್ಲಿ ಉಳಿದ ರೆಕ್ಕೆ

ಹರಪನಹಳ್ಳಿಗೆ ಸಮೀಪದ ಬಾಗಳಿಯೆಂದರೆ ನಮಗೆ ಮೊದಲು ನೆನಪಾಗುವುದು ಹತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯ. ಅಂಥ ಊರುಗಳ ಕೆರೆಯಂಚಿನ ಜೊಂಡಿನ ಮೇಲೆ, ಕಡ್ಡಿಯಂಥ ಮೈಯುಳ್ಳ ಕೀಟವೊಂದು ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ಕುಳಿತಿರುವುದುಂಟು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಹುಳುವಿಗೆ ಇದು ದಾಯಾದಿ. ಇಂಗ್ಲಿಷಿನವರು ಇದನ್ನು ಡ್ಯಾಮ್ಸೆಲ್‌ಫ್ಲೈ ಎನ್ನುತ್ತಾರೆ. ಇದರ ವಂಶವನ್ನು ನಾವು ತಿಳಿಯುವುದು ಹೇಗೆ?

ಬಾಗಳಿಯ ಸೀಮೆಯ ಬಂಡೆಗಳನ್ನು ಒಡೆದರೆ ಉತ್ತರ ದೊರೆಯದು. ಆ ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಕೀಟಗಳು ತಲೆದೋರಿದುದಾದರೋ ಸುಮಾರು 40 ಕೋಟಿ ವರ್ಷಗಳ ಹಿಂದೆ. ಆದುದರಿಂದ ನಾವು ದೂರದೇಶದ ಕೆಸರುಗಲ್ಲುಗಳನ್ನು ನೋಡಬೇಕು. ಅಲ್ಲಿ ಸತ್ತ ಕೀಟದ ಮೈ ಬಹುಮಟ್ಟಿಗೆ ಕೊಳೆತುಹೋಗುತ್ತದೆ; ರೆಕ್ಕೆ ಮಾತ್ರ ತನ್ನ ನರಗಳ ಬಲೆಯೊಡನೆ ಅಚ್ಚೊತ್ತಿ ಉಳಿಯುತ್ತದೆ. ವಂಶಾವಳಿಯನ್ನು ಹೆಚ್ಚಾಗಿ ಆ ನರಗಳಿಂದಲೇ ಓದಬೇಕಾಗಿದೆ.

ಫ್ರಾನ್ಸಿನ ಕಲ್ಲಿದ್ದಲಿನ ಪದರದಲ್ಲಿ ದೊರೆತ ಮೆಗನ್ಯೂರಕ್ಕೆ 1885ರಲ್ಲಿ ಬ್ರೊಂಞಾರ್ ಎಂಬವರು ಹೆಸರಿಟ್ಟರು. ಅದು ರೆಕ್ಕೆ ಹರಡಿದರೆ ಎರಡು ಅಡಿಗೂ ಮಿಕ್ಕ ಅಗಲ. ಆದರೆ ಇಂದಿನ ಹುಳುಗಳ ರೆಕ್ಕೆಯ ಮುಂದಂಚಿನಲ್ಲಿ ಕಾಣುವ ಗೆಣ್ಣು ಅದಕ್ಕಿಲ್ಲ. ಮುಂದೆ 1925ರಲ್ಲಿ ಟಿಲ್ಯಾರ್ಡರು ಅಮೆರಿಕದ ಕ್ಯಾನ್ಸಾಸಿನ ಸುಮಾರು 28 ಕೋಟಿ ವರ್ಷದ ಕಲ್ಲಿನಿಂದ ಕೆನೆಡಿಯ ಎಂಬ ಪುಟ್ಟ ಕೀಟವನ್ನು ವರ್ಣಿಸಿದರು. ಅದರ ರೆಕ್ಕೆ ಸಪೂರ, ಬುಡದಲ್ಲಿ ತೊಟ್ಟು, ನೋಡಿದೊಡನೆ ಡ್ಯಾಮ್ಸೆಲ್‌ಫ್ಲೈಯೆನಿಸುತ್ತದೆ. ಹಾಗಾದರೆ ಇದೇ ಅವುಗಳ ಮೂಲಪುರುಷನೆ?

ಇಲ್ಲಿಯೇ ಎಚ್ಚರಿಕೆ ಬೇಕು. ಓಲೆಗರಿಯ ಪ್ರತಿಗಳನ್ನು ಹೋಲಿಸುವ ಪಂಡಿತರ ಕ್ರಮವನ್ನು ನಾವು ಬಲ್ಲೆವು. ಎರಡು ಪ್ರತಿಗಳಲ್ಲಿ ಶುದ್ಧಪಾಠ ಒಂದೇ ಆಗಿದ್ದರೆ ಅವುಗಳ ಹತ್ತಿರದ ನಂಟು ಸಿದ್ಧವಾಗದು; ಅದು ಮೂಲದಿಂದಲೇ ಬಂದಿರಬಹುದು. ನಡುವೆ ಹೊಸದಾಗಿ ಹೊಕ್ಕ ಒಂದೇ ಬಗೆಯ ತಪ್ಪುಗಳು ಎರಡರಲ್ಲಿಯೂ ಕಂಡರೆ ನಂಟು ಗಟ್ಟಿ. ರೆಕ್ಕೆಯ ವಿಷಯದಲ್ಲಿಯೂ ಇದೇ ನ್ಯಾಯ: ಹಳೆಯ ಸೊತ್ತಾಗಿ ಉಳಿದ ಹೋಲಿಕೆಗಿಂತ ಹೊಸದಾಗಿ ಗಳಿಸಿದ ಹೋಲಿಕೆಯೇ ಪ್ರಮಾಣ. ಸಪೂರ ರೆಕ್ಕೆಯಂತೂ ಬೇರೆಬೇರೆ ಕುಲಗಳಲ್ಲಿ ಬೇರೆಯಾಗಿಯೇ ಮೂಡಬಲ್ಲದು. ಈ ನ್ಯಾಯದಿಂದ ತೂಗಿದ ಇಂದಿನ ವಿದ್ವಾಂಸರು, ಈಗಿರುವ ಎರಡು ಕುಲಗಳೂ ಕವಲೊಡೆಯುವುದಕ್ಕೆ ಮುಂಚೆಯೇ ಕೆನೆಡಿಯದ ಕೊಂಬೆ ಬೇರೆಯಾಯಿತೆನ್ನುತ್ತಾರೆ.

ಟಿಲ್ಯಾರ್ಡರು 1937ರಲ್ಲಿ ತೀರಿಕೊಂಡ ಮೇಲೆ ವರ್ಗೀಕರಣದ ಕಾರ್ಯವನ್ನು ಮುಂದುವರಿಸಿದ ಫ್ರೇಸರರು ವೃತ್ತಿಯಿಂದ ವೈದ್ಯರು. ನಮ್ಮ ಕೊಡಗಿನ ಹೊಳೆಗಳಲ್ಲಿ ಈ ಕೀಟಗಳನ್ನು ಹುಡುಕಿದವರು. 1933ರಿಂದ 1936ರವರೆಗೆ ಭಾರತದ ಈ ವರ್ಗವನ್ನು ಕುರಿತು ಮೂರು ಸಂಪುಟಗಳನ್ನು ಪ್ರಕಟಿಸಿದರು.

ಜೀವಂತ ಸಾಕ್ಷಿಯೂ ಒಂದುಂಟು. ಹಿಮಾಲಯದ ಡಾರ್ಜಿಲಿಂಗಿನ ತೊರೆಗಳಲ್ಲಿರುವ ಎಪಿಯೊಫ್ಲೆಬಿಯದ ರೆಕ್ಕೆ ಡ್ಯಾಮ್ಸೆಲ್‌ಫ್ಲೈಯಂತೆ, ಮೈ ಏರೋಪ್ಲೇನ್ ಚಿಟ್ಟೆಯಂತೆ. ರೆಕ್ಕೆಯ ಆಕಾರವನ್ನೇ ನಂಬಿದ್ದರೆ ಅದನ್ನು ಮೊದಲನೆಯ ಕುಲಕ್ಕೆ ಸೇರಿಸುತ್ತಿದ್ದೆವು. ಆನುವಂಶಿಕ ಧಾತುವಿನ ಪರೀಕ್ಷೆ ಅದನ್ನು ಎರಡನೆಯದಕ್ಕೇ ಹತ್ತಿರವೆನ್ನುತ್ತದೆ. ಅಳಿದ ಕೀಟಗಳಿಗಾದರೋ ಆ ಪರೀಕ್ಷೆ ಇಲ್ಲ. ಅವುಗಳ ಪರವಾಗಿ ಮಾತಾಡಲು ಉಳಿದಿರುವುದು ಕಲ್ಲಿನ ಮೇಲಣ ಕೆಲವು ಗೆರೆಗಳು ಮಾತ್ರ. ಅವನ್ನು ಅವಸರದಿಂದ ಓದದಿರುವುದೇ ನಮ್ಮ ಹೊಣೆ.