ಜೂಜಿನ ಚಟ ಬಿಡುವವನಿಗೆ ಆಸರೆ



ಬೇಸಾಯವೆಂದರೆ ಮುಂಗಾರಿನೊಡನೆ ಆಡುವ ಜೂಜು ಎಂಬ ಮಾತು ಬಹಳ ಕಾಲದಿಂದ ಬಳಕೆಯಲ್ಲಿದೆ. ಮಾತು ಚೆನ್ನಾಗಿದೆ, ಆದರೆ ಸರಿಯಲ್ಲ. ಮಳೆ ಕೈಕೊಟ್ಟ ವರ್ಷವೂ ರಾಗಿಯ ನಡುವಿನ ಅವರೆ, ತೊಗರಿಯ ಅಕ್ಕಡಿ ಸಾಲು ಅಷ್ಟಿಷ್ಟು ಕೈಹಿಡಿಯುತ್ತದೆ. ಬದು, ಕೃಷಿ ಹೊಂಡ, ಬೆಳೆ ವಿಮೆಗಳಿಂದ ನಷ್ಟ ತಗ್ಗುತ್ತದೆ. ಬೇಸಾಯದಲ್ಲಿ ತಿಳಿವಳಿಕೆ ಹೆಚ್ಚಿದಂತೆ ಅಪಾಯ ಕಡಿಮೆಯಾಗುತ್ತದೆ. ಅಂಕೆಯ ಜೂಜಿನಲ್ಲಿ ಹಾಗಿಲ್ಲ. ಹತ್ತು ಅಂಕೆಗಳಲ್ಲಿ ಒಂದು ಬಂದರೆ ಒಂಬತ್ತು ಪಟ್ಟು ಕೊಡುವ ಆಟವೊಂದಿದೆ ಎನ್ನೋಣ. ಹತ್ತೂ ಅಂಕೆಗಳಿಗೆ ಹತ್ತು ಹತ್ತು ರೂಪಾಯಿ ಕಟ್ಟಿದವನು 100 ರೂಪಾಯಿ ಕೊಟ್ಟು 90 ರೂಪಾಯಿ ಪಡೆಯುತ್ತಾನೆ. ಇದು ಮೋಸವಿಲ್ಲದೆ ನಡೆದ ಆಟದ ಲೆಕ್ಕ. ಆಡಿದಷ್ಟೂ ಸೋಲು ಖಚಿತ.

ಈ ಲೆಕ್ಕ ಆಡುವವನಿಗೂ ಗೊತ್ತಿರುತ್ತದೆ. ಆದರೂ ಬಿಡಲಾಗುವುದಿಲ್ಲವೇಕೆ?

ಆಣೆ ಸಾಲದು

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದ ವಿಷಯವೇ ಜೂಜುಗಾರನ ಪಾಡು. ಹೆಂಡತಿ ದೂರವಾದುದು, ಸಾಲಕ್ಕೆ ಅಂಜಿ ಅಲೆದುದು ಎಲ್ಲವೂ ಅದರಲ್ಲಿವೆ. ಇನ್ನು ಆಡುವುದಿಲ್ಲವೆಂದು ನಿಶ್ಚಯಿಸಿದವನು ದಾಳದ ಸದ್ದು ಕೇಳಿದೊಡನೆ ಮತ್ತೆ ಅಲ್ಲಿಗೇ ಓಡುವುದನ್ನೂ ಅದು ಹೇಳುತ್ತದೆ. ಕೊನೆಗೆ ಬರುವ ಸಲಹೆ, ಜೂಜು ಬಿಟ್ಟು ಹೊಲ ಉಳಬೇಕೆಂಬುದು. ಸಲಹೆ ಅಷ್ಟು ಹಳೆಯದು. ಸಲಹೆಯೊಂದೇ ಸಾಲದೆಂಬುದೂ ಅಷ್ಟೇ ಹಳೆಯದು.

ಯಾವಾಗಲೋ ಒಮ್ಮೆ ಬರುವ ಗೆಲುವು ಮನಸ್ಸನ್ನು ಹಿಡಿದಿಡುತ್ತದೆ. ಹೋದ ಹಣವನ್ನು ಆಟದಿಂದಲೇ ತೆಗೆಯಬೇಕೆಂಬ ಹಟ ಹುಟ್ಟುತ್ತದೆ. ಆಡದಿದ್ದರೆ ಚಡಪಡಿಕೆ, ನಿದ್ದೆಗೇಡು, ಸಿಡುಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದು ಸೇರಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಇದನ್ನು ಕುಡಿತದಂತಹ ವ್ಯಸನಗಳ ಸಾಲಿಗೇ ಸೇರಿಸಿತು. ಆದುದರಿಂದ ದೇವರ ಮುಂದೆ ಆಣೆ ಮಾಡಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಚಟ ಬಿಡುವವನಿಗೆ ನಾಲ್ಕು ಕಡೆಯ ಆಸರೆ ಬೇಕು.

ಮನೆಯ ಆಸರೆ

ಮೊದಲು ಒಬ್ಬರ ಮುಂದೆ ಪೂರ್ತಿ ನಿಜ ಹೇಳಬೇಕು. ಅವರು ಹೆಂಡತಿಯಾಗಬಹುದು, ಅಣ್ಣನಾಗಬಹುದು, ಸೋದರಮಾವನಾಗಬಹುದು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಮುಚ್ಚಿಟ್ಟ ಸಾಲವೇ ಅವನನ್ನು ಮತ್ತೆ ಆಟಕ್ಕೆ ಎಳೆಯುತ್ತದೆ. ಕೇಳುವವರು ಆ ಹೊತ್ತಿನಲ್ಲಿ ಬೈಯದಿರುವುದು ಒಳಿತು. ಕೋಪ ಬರುವುದು ಸಹಜವೇ; ಒತ್ತೆ ಹೋದದ್ದು ಮನೆಯ ಒಡವೆ, ಮಕ್ಕಳ ಫೀಜು. ಆದರೆ ಹೇಳಿದ್ದಕ್ಕೆ ಬೈಗುಳವೇ ಸಿಕ್ಕರೆ ಮುಂದಿನ ಸಲ ಅವನು ಹೇಳುವುದಿಲ್ಲ. ಮನೆಯಾಕೆಗೂ ಮನಸ್ಸು ಹಗುರ ಮಾಡಿಕೊಳ್ಳಲು ತವರಿನವರೋ ಗೆಳತಿಯೋ ಬೇಕು. ಅವಳೊಬ್ಬಳೇ ಕಾವಲುಗಾರಳಾಗಿ ಬದುಕಲಾರಳು.

ಹಣದ ಏರ್ಪಾಡು

ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆಯಬೇಕು. ಅಪ್ಪನೋ ಅಣ್ಣನೋ ಜಮೀನು ಮಾರಿ ಒಂದೇ ದಿನದಲ್ಲಿ ಸಾಲ ತೀರಿಸಿಕೊಡುವುದು ಉಪಕಾರದಂತೆ ಕಂಡರೂ ಬಹಳ ಸಲ ಅಪಕಾರವಾಗುತ್ತದೆ. ಸಾಲ ಹೋಯಿತು, ಇನ್ನೊಮ್ಮೆ ಆಡಬಹುದೆಂಬ ಧೈರ್ಯ ಬರುತ್ತದೆ. ಸಾಲಗಾರರೊಡನೆ ಕುಳಿತು ಕಂತು ಗೊತ್ತುಮಾಡಿ, ಅವನ ದುಡಿಮೆಯಿಂದಲೇ ತೀರಿಸುವುದು ಮೇಲು. ಹಳೆಯ ಸಾಲಕ್ಕೆಂದು ಹೊಸ ಕೈಸಾಲ ಮಾಡಬಾರದು.

ಅಪಾಯದ ಹೊತ್ತು ಯಾವುದೆಂಬುದು ರೈತನ ಮನೆಯಲ್ಲಿ ಮೊದಲೇ ಗೊತ್ತಿರುತ್ತದೆ. ಕಬ್ಬಿನ ಬಿಲ್ಲು ಬಂದ ವಾರ, ಗೂಡು ಮಾರಿದ ದಿನ, ಮಾರುಕಟ್ಟೆಯಲ್ಲಿ ಅಡಿಕೆಯೋ ಹತ್ತಿಯೋ ಮಾರಿದ ಸಂಜೆ, ಯುಗಾದಿ ಮತ್ತು ದೀಪಾವಳಿಯ ಇಸ್ಪೀಟು. ಅಂದು ಅವನೊಬ್ಬನೇ ಪೇಟೆಗೆ ಹೋಗಬಾರದು. ಹಣವು ಮನೆಯಾಕೆಯ ಖಾತೆಗೆ ಅಥವಾ ಇಬ್ಬರ ಸಹಿಯಿಂದ ನಡೆಯುವ ಖಾತೆಗೆ ಬರುವಂತೆ ಅವನ ಒಪ್ಪಿಗೆಯಿಂದಲೇ ಏರ್ಪಾಡು ಮಾಡಬೇಕು. ಮೊಬೈಲಿನಲ್ಲಿರುವ ಆಟದ ಆ್ಯಪ್‌ಗಳನ್ನೂ ಹಣ ಕಳಿಸುವ ಆ್ಯಪ್‌ಗಳನ್ನೂ ಕೆಲ ಕಾಲ ತೆಗೆದುಹಾಕಬೇಕು.

ವೈದ್ಯರ ಆಸರೆ

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಹೋಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಈ ಚಿಕಿತ್ಸೆ ಸಾಧ್ಯವೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಉತ್ತರದ ಜಿಲ್ಲೆಗಳವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆ ಇದೆ. ಮೊಬೈಲ್ ಆಟಗಳೂ ಸೇರಿದಂತೆ ತಂತ್ರಜ್ಞಾನದ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14416ಕ್ಕೆ ಫೋನು ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ದೊರೆಯುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಇಲ್ಲಿ ಮಾತಿನ ಮೂಲಕ ಕೊಡುವ ಚಿಕಿತ್ಸೆಯೇ ಮುಖ್ಯ. ಯಾವ ಹೊತ್ತಿನಲ್ಲಿ ಆಸೆ ಏಳುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಕಲಿಸಿಕೊಡುತ್ತಾರೆ. ಜೊತೆಗೆ ಖಿನ್ನತೆ ಅಥವಾ ಕುಡಿತವಿದ್ದರೆ ಅದಕ್ಕೂ ಚಿಕಿತ್ಸೆ ನೀಡುತ್ತಾರೆ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಗಳಿಗೆ ದುಡ್ಡು ಸುರಿಯಬಾರದು. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯಿದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಆಡಿ ಸೋತವನಿಗಲ್ಲ. ಆದುದರಿಂದ ವೈದ್ಯರ ಮುಂದೆ ಅಂಜಬೇಕಾಗಿಲ್ಲ. ಆದರೆ ಕಾನೂನಿನಿಂದ ಆಟ ನಿಂತರೂ ಚಟ ತಾನಾಗಿ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಜೂಜು ಬೇರೆ ವೇಷ ತೊಟ್ಟು ಬಂದಿತು.

ಜೊತೆಗಾರರ ಆಸರೆ

ಅದೇ ಕಷ್ಟ ಉಂಡವರ ಮಾತು ಬೇಗ ನಾಟುತ್ತದೆ. 1957ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜೂಜಿನ ಚಟವಿದ್ದವರೇ ಸೇರಿ, ಕುಡಿತ ಬಿಟ್ಟವರ ಸಂಘದ ಮಾದರಿಯಲ್ಲಿ, ಗ್ಯಾಂಬ್ಲರ್ಸ್ ಅನಾನಿಮಸ್ ಎಂಬ ಕೂಟವನ್ನು ಕಟ್ಟಿದರು. ಅಂತಹ ಕೂಟ ಊರಿಗೆ ಹತ್ತಿರ ಇಲ್ಲದಿದ್ದರೂ ನಡೆಯುತ್ತದೆ. ಚಟ ಬಿಟ್ಟ ಇಬ್ಬರು ವಾರಕ್ಕೊಮ್ಮೆ ಕುಳಿತು ಮಾತನಾಡಿದರೆ ಅದೂ ಒಂದು ಕೂಟವೇ. ಆಡುತ್ತಿದ್ದ ಸಂಜೆಯ ಹೊತ್ತು ಖಾಲಿ ಉಳಿಯಬಾರದು. ಭಜನೆ, ವಾಲಿಬಾಲ್, ಹಾಲಿನ ಡೇರಿಯ ಕೆಲಸ, ಯಾವುದಾದರೂ ಆಗಬಹುದು.

ಮತ್ತೆ ಚಿಗುರಿದರೆ

ಜೇಕನ್ನು ಒಮ್ಮೆ ಕಳೆ ತೆಗೆದರೆ ಹೊಲ ಹಸನಾಗುವುದಿಲ್ಲ. ನೆಲದೊಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಅದಕ್ಕಾಗಿ ಯಾವ ರೈತನೂ ಹೊಲವನ್ನು ಬಿಟ್ಟುಬಿಡುವುದಿಲ್ಲ. ಬೇಸಿಗೆಯಲ್ಲಿ ಉತ್ತು ಗಡ್ಡೆಯನ್ನು ಬಿಸಿಲಿಗೆ ಹಾಕುತ್ತಾನೆ, ಮತ್ತೆ ಮತ್ತೆ ಕಳೆ ತೆಗೆಯುತ್ತಾನೆ. ಚಟವೂ ಹಾಗೆಯೇ. ಆರು ತಿಂಗಳು ಬಿಟ್ಟವನು ಒಂದು ದಿನ ಆಡಿಬಿಟ್ಟರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಅಂದೇ ಮನೆಯಲ್ಲಿ ಹೇಳಿ, ವಾರದೊಳಗೆ ವೈದ್ಯರನ್ನು ಕಾಣಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಸಾಲ ಬಯಲಿಗೆ ಬಂದ ದಿನಗಳೇ ಪ್ರಾಣಾಪಾಯದ ದಿನಗಳು. ಅವನು ಮೌನವಾದರೆ, ಬದುಕಿ ಫಲವಿಲ್ಲವೆಂದು ಆಡಿದರೆ, ಒಬ್ಬನನ್ನೇ ಬಿಡಬಾರದು. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನು ಬೇರೆಡೆಗೆ ಸಾಗಿಸಿ ಬೀಗ ಹಾಕಬೇಕು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ಹೊಲಕ್ಕೆ ಹೋದಾಗ ಬಿತ್ತನೆಯಾಗದೆ ಉಳಿದ ಭೂಮಿ, ಗೊಬ್ಬರಕ್ಕೆಂದು ಪಡೆದ ಸಾಲ ಬೇರೆಡೆಗೆ ಹೋದದ್ದು ಕಣ್ಣಿಗೆ ಬೀಳುತ್ತದೆ. ಅದನ್ನು ಗ್ರಾಮಸಭೆಯಲ್ಲಿ ಎತ್ತಿ ಆಡಬಾರದು. ಬದುವಿನ ಮೇಲೆ ಜೊತೆಯಲ್ಲಿ ಕುಳಿತು ಮೆಲ್ಲಗೆ ವಿಚಾರಿಸಬೇಕು. ಮೊದಲ ಸಲ ಆಸ್ಪತ್ರೆಗೆ ತಾವೇ ಜೊತೆಯಲ್ಲಿ ಹೋಗಬೇಕು. ಮುಂದಿನ ಭೇಟಿಯಲ್ಲಿ ಬೆಳೆಯ ಜೊತೆಗೆ ಅವನ ಯೋಗಕ್ಷೇಮವನ್ನೂ ಕೇಳಬೇಕು. ಪಹಣಿಯಲ್ಲಿ ಆ ಮನೆಯ ಹೆಸರು ಉಳಿಯುವುದೂ ಅಳಿಯುವುದೂ ಎಷ್ಟೋ ಸಲ ಇಷ್ಟರಿಂದಲೇ ನಿರ್ಧಾರವಾಗುತ್ತದೆ.