ಪಿಕಪ್ ಗಾಡಿಯ ಏಸಿ ಬಿಸಿಗಾಳಿ ಊದಿದರೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಹಿರಿಯರನ್ನು ನೋಡಿ ಕಲಿತೆವು. ಈಗ ಮನೆಯ ಮುಂದೆ ಪಿಕಪ್ಪು ನಿಂತಿದೆ. ಕೆಲವದರಲ್ಲಿ ಏಸಿಯೂ ಉಂಟು. ಅದು ಕೆಟ್ಟಾಗ ಮಾತ್ರ, ಇದು ನಮಗೆ ತಿಳಿಯುವ ವಿದ್ಯೆಯಲ್ಲ ಅಂತ ಗ್ಯಾರೇಜಿನವರು ಕೇಳಿದಷ್ಟು ಕೊಟ್ಟು ಬರುತ್ತೇವೆ. ನಾನೂ ಹಾಗೆ ಕೊಟ್ಟು ಬಂದವನೇ.

ನನ್ನ ತಮ್ಮ ಮುಳಬಾಗಿಲು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊಡೆಯುತ್ತಾನೆ. ಒಂದು ಬೇಸಗೆಯಲ್ಲಿ ವಾಪಸು ಬರುವಾಗ, ಆಸ್ಪತ್ರೆಗೆ ತೋರಿಸಿಕೊಂಡ ನಮ್ಮ ತಾಯಿಯನ್ನು ಮುಂದೆ ಕೂರಿಸಿಕೊಂಡಿದ್ದ. ಮಟಮಟ ಮಧ್ಯಾಹ್ನ, ಏಸಿಯಿಂದ ಒಲೆಯ ಬಾಯಿಂದ ಬಂದಂಥ ಗಾಳಿ. ಕಿಟಕಿ ತೆಗೆದರೆ ಧೂಳು, ಹಾಕಿದರೆ ಬೇಗೆ. ಮನೆ ಸೇರುವಷ್ಟರಲ್ಲಿ ಅಮ್ಮನಿಗೆ ತಲೆಸುತ್ತು ಬಂದಿತ್ತು. ಮಾರನೆಯ ದಿನವೇ ಗ್ಯಾರೇಜಿಗೆ ಹೋದೆವು. "ಗ್ಯಾಸ್ ಖಾಲಿಯಾಗಿದೆ ಯಜಮಾನ್ರೆ, ತುಂಬಿದರೆ ಸರಿಹೋಗುತ್ತೆ" ಅಂದರು. ತುಂಬಿದರು, ತಣ್ಣಗಾಯಿತು. ಮೂರು ವಾರಕ್ಕೆ ಮತ್ತೆ ಬಿಸಿ. ಮತ್ತೆ ತುಂಬಿಸಿದೆವು, ಮತ್ತೆ ಅದೇ ಕಥೆ. ಮೂರನೆಯ ಸಲ ಬೇರೊಬ್ಬ ಮೇಸ್ತ್ರಿಯ ಹತ್ತಿರ ಹೋದಾಗ ಅವರು ಕೇಳಿದ ಪ್ರಶ್ನೆ ಒಂದೇ: "ಗ್ಯಾಸು ಡೀಸೆಲ್ಲೇನು, ಉರಿದು ಖರ್ಚಾಗೋದಕ್ಕೆ?"

ಈ ಒಂದು ಮಾತನ್ನು ನೆನಪಿಡಿ. ಏಸಿಯ ಗ್ಯಾಸು ಖರ್ಚಾಗುವ ಸರಕಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಬೇಗ ಬೇಗ ಕಡಿಮೆಯಾಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದರೆ ನಿಂತೀತೆ?

ಅದರ ಕೆಲಸವೂ ಕಷ್ಟದ್ದೇನಲ್ಲ. ಮಣ್ಣಿನ ಹೂಜಿಯ ಮೈಯಿಂದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುವುದಲ್ಲವೆ? ಏಸಿಯಲ್ಲೂ ದ್ರವ ಆವಿಯಾಗುವಾಗ ತಂಪು ಹುಟ್ಟುತ್ತದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು ಗ್ಯಾಸನ್ನು ಒತ್ತುತ್ತದೆ, ಅದು ಕಾಯುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಆ ಕಾವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆಮೇಲೆ ಸಣ್ಣ ಕಂಡಿಯಲ್ಲಿ ನುಗ್ಗಿ, ಡ್ಯಾಶ್‌ಬೋರ್ಡಿನ ಒಳಗಿರುವ ಇನ್ನೊಂದು ಜಾಲರಿಯಲ್ಲಿ ಆವಿಯಾಗಿ ತಂಪು ಕೊಡುತ್ತದೆ. ಏಸಿ ಹಾಕಿದಾಗ ಗಾಡಿಯ ಕೆಳಗೆ ತೊಟ್ಟಿಕ್ಕುವ ತಿಳಿನೀರು ಆ ತಂಪಿಗೆ ಗಾಳಿಯ ತೇವ ಹನಿಗಟ್ಟಿದ್ದು. ಅದು ಕೆಡುಕಲ್ಲ.

ಹಾಗಾದರೆ ಮನೆಯಲ್ಲಿ ಏನು ನೋಡಬಹುದು? ಮೊದಲು ಗುಂಡಿಗಳನ್ನೇ ನೋಡಿ. ಬಿಸಿ-ತಂಪಿನ ಗುಂಡಿ ಕೆಂಪಿನ ಕಡೆಗೆ ತಿರುಗಿರುವುದೂ ಉಂಟು, ನಗಬೇಡಿ.

ಗಾಡಿ ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾಗುತ್ತದೆಯೆ? ಹಾಗಿದ್ದರೆ ಮೊದಲು ಕಂಡೆನ್ಸರನ್ನೂ ಫ್ಯಾನನ್ನೂ ಸಂಶಯಪಡಿ. ನಮ್ಮ ಗಾಡಿಗಳು ಕಣದ ಹೊಟ್ಟು, ಹೊಲದ ಧೂಳಿನಲ್ಲಿ ತಿರುಗುವಂಥವು. ಆ ಜಾಲರಿಯ ಕಣ್ಣೆಲ್ಲ ಮುಚ್ಚಿಹೋಗಿರುತ್ತದೆ. ಇಂಜಿನ್ ಪೂರ್ತಿ ಆರಿದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರಿನ ನೀರನ್ನು ಹತ್ತಿರದಿಂದ ಹೊಡೆಸಕೂಡದು, ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕರೆಂಟಿನ ಫ್ಯಾನು ಇಂಜಿನ್ ನಿಲ್ಲಿಸಿದ ಮೇಲೂ ತಾನಾಗಿ ತಿರುಗೀತು. ಕೈ, ವಲ್ಲಿ, ಸೆರಗು ದೂರವಿರಲಿ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಡ್ಯಾಶ್‌ಬೋರ್ಡಿನ ಒಳಗಿನ ಫಿಲ್ಟರನ್ನು ನೋಡಿ. ಅದು ಎಲ್ಲ ಗಾಡಿಗೂ ಇರುವುದಿಲ್ಲ. ಗಾಳಿ ಜೋರಾಗಿದ್ದೂ ಬಿಸಿ ಬಂದರೆ, ಏಸಿ ಗುಂಡಿ ಒತ್ತಿದಾಗ ಬಾನೆಟ್ಟಿನೊಳಗೆ 'ಟಕ್' ಎಂಬ ಸದ್ದು ಬರುತ್ತದೆಯೇ ಕೇಳಿ. ಹೆಚ್ಚಿನ ಗಾಡಿಗಳಲ್ಲಿ ಕಂಪ್ರೆಸರಿನ ಕ್ಲಚ್ಚು ಹಿಡಿಯುವ ಸದ್ದು ಅದು. ಸದ್ದಿಲ್ಲದಿದ್ದರೆ ಫ್ಯೂಸು ನೋಡಿ. ವೈರನ್ನು ಇಲಿ ಕಡಿದಿದೆಯೇ ನೋಡಿ. ಬಣವೆಯ ಪಕ್ಕ ನಿಲ್ಲಿಸುವ ಗಾಡಿಗೆ ಇಲಿ ಕಾಟ ತಪ್ಪಿದ್ದಲ್ಲ.

ಇವೆಲ್ಲ ಸರಿಯಿದ್ದೂ ಕ್ಲಚ್ಚು ಹಿಡಿಯದಿದ್ದರೆ ಗ್ಯಾಸು ಕಡಿಮೆಯಾಗಿರಬಹುದು. ಒತ್ತಡ ತೀರ ಇಳಿದಾಗ ಒಂದು ಸ್ವಿಚ್ಚು ಕಂಪ್ರೆಸರನ್ನು ತಡೆಯುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದು. ಗ್ಯಾಸಿಲ್ಲದೆ ತಿರುಗಿದರೆ ಅದು ಸುಟ್ಟಂತೆಯೇ. ಆ ಸ್ವಿಚ್ಚಿಗೆ ವೈರು ಅಡ್ಡಕೊಟ್ಟು ಓಡಿಸುವ ಜಾಣರೂ ಇದ್ದಾರೆ. ಒಪ್ಪಬೇಡಿ.

ಇಲ್ಲಿಂದ ಮುಂದೆ ಕೊಳವೆ ಬಿಚ್ಚುವ ಕೆಲಸ ನಮ್ಮದಲ್ಲ. ಚಿಮ್ಮುವ ಗ್ಯಾಸು ತಗಲಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣೇ ಹೋದೀತು. ಆದರೆ ಮೇಸ್ತ್ರಿಗೆ ಕೇಳುವ ಮಾತು ನಮ್ಮದು. ಕೊಳವೆಯ ಕೀಲುಗಳಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಹತ್ತಿದ ಕಲೆ ಇದ್ದರೆ ತೋರಿಸಿ, ಸೋರಿಕೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ. "ಮೊದಲು ಸೋರುವ ಜಾಗ ಹುಡುಕಿ" ಅನ್ನಿ. ಸಾರಜನಕ ತುಂಬಿ ಸೋಪಿನ ನೀರು ಹಚ್ಚಿ ನೋಡುತ್ತಾರೆ. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಒಂದು ಕೀಲಿನೊಳಗಿನ ರಬ್ಬರ್ ಬಳೆ ಸವೆದದ್ದು. ಉಂಗುರದಷ್ಟೂ ದೊಡ್ಡದಲ್ಲ! ಎರಡು ಸಲ ತುಂಬಿಸಿದ ಗ್ಯಾಸಿನ ಹಣ ಆ ಸಂದಿಯಲ್ಲೇ ಹೋಗಿತ್ತು.

ರಿಪೇರಿಯಾದ ಮೇಲೆ ಪಂಪಿನಿಂದ ಅರ್ಧ ಗಂಟೆಯಾದರೂ ಕೊಳವೆಯ ಗಾಳಿ, ತೇವ ಎಳೆಸತಕ್ಕದ್ದು. ಬಹಳ ದಿನ ತೆರೆದು ಬಿದ್ದಿದ್ದರೆ ತೇವ ಹೀರುವ ಡ್ರೈಯರ್ ಡಬ್ಬಿಯನ್ನೂ ಬದಲಿಸಬೇಕು. ಎಷ್ಟು ಗ್ಯಾಸು, ಯಾವ ಗ್ಯಾಸು ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಹಲವು ಗಾಡಿಗಳಿಗೆ ಆರ್-134ಎ. ಗ್ರಾಮಿನ ಲೆಕ್ಕದಲ್ಲಿ ತೂಗಿ ಹಾಕಿಸಿ. ಹೆಚ್ಚಾದರೂ ತಂಪು ಕೆಡುತ್ತದೆ. ಹಳೆಯ ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡಿಸಬೇಡಿ. ಭೂಮಿಯ ಕಾವು ಏರಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಅಗ್ಗವೆಂದು ಅಡುಗೆ ಗ್ಯಾಸು ತುಂಬುತ್ತೇವೆ ಅಂದವರ ಅಂಗಡಿಯಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಅದು ಕ್ಯಾಬಿನ್ನಿನೊಳಗೆ ಸೋರಿದರೆ ಒಂದು ಕಿಡಿ ಸಾಕು.

ಚಳಿಗಾಲದಲ್ಲೂ ಆಗಾಗ ಹತ್ತು ನಿಮಿಷ ಏಸಿ ಓಡಿಸುತ್ತಿರಿ. ಎಣ್ಣೆ ಆಡಿ ಕಂಪ್ರೆಸರಿನ ಸೀಲು ಒಣಗದೆ ಉಳಿಯುತ್ತದೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಮಾತ್ರ ಇಂಜಿನ್ ಓಡಿಸಬೇಡಿ, ಹೊಗೆಯಿಂದ ಜೀವಕ್ಕೇ ಅಪಾಯ. ಬಯಲಿಗೆ ತಂದು ನಿಲ್ಲಿಸಿ.